ಒಂಬತ್ತು ಸೆಕೆಂಡು

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ತನ್ನ ಮಗುವಿಗೆ, "ಸುಮ್ಮನೆ ಕೂತ್ಕೊಳ್ತೀಯಾ, ಅಲ್ಲ ಕಿಟಕಿಯಿಂದ ಹೊರಗೆ ಬಿಸಾಡ್ಬೇಕಾ?" ಎಂದಾಗ ಗೋದಾವರಿಯ ಬಲಗೈಯ ತೋರುಬೆರಳು ತನ್ನಷ್ಟಕ್ಕೆ ಮಡಿಲಲ್ಲಿದ್ದ ಚೀಲವನ್ನು ಒಮ್ಮೆ ಒತ್ತಿತು. ಮೂರು. ಮೂರೆಂದರೆ ಬೆದರಿಕೆ, ಎರಡೆಂದರೆ ನಿಂದನೆ, ಒಂದೆಂದರೆ ತೊಂದರೆಯಿಲ್ಲ. ಬೆರಳು ಒತ್ತಿದ ಮೇಲೆ ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು. ಮಗು ನಗುತ್ತಿತ್ತು. ತಾಯಿ ಅದರ ಮೂಗು ಒರೆಸುತ್ತಿದ್ದಳು. ನರಿಮೊಗರಿನಿಂದ ಪುತ್ತೂರಿಗೆ ಬರುವ ಅಷ್ಟು ಹೊತ್ತಿನಲ್ಲಿ ಎಷ್ಟು ಜನ ಎಷ್ಟು ಜನರನ್ನು ಕೊಲ್ಲುತ್ತೇವೆನ್ನುತ್ತಾರೆ, ಚರ್ಮ ಸುಲಿಯುತ್ತೇವೆನ್ನುತ್ತಾರೆ, ಕಾಲು ಮುರಿಯುತ್ತೇವೆನ್ನುತ್ತಾರೆ ಎಂಬುದನ್ನು ಅವಳು ಹದಿನಾರು ವರ್ಷ ಕನ್ನಡ ಪಾಠ ಮಾಡಿದ ಕಾಲದಲ್ಲಿ ಗಮನಿಸಿರಲೇ ಇಲ್ಲ. ಕಂಡಕ್ಟರ್ ಫುಟ್‌ಬೋರ್ಡಿನ ಹುಡುಗರಿಗೆ, "ಒಳಗೆ ಬನ್ನಿ ಮಾರಾಯ್ರೆ, ಬಿದ್ದು ಸತ್ರೆ ನನ್ನ ತಲೆಗೆ" ಎಂದು ಕೂಗಿದ. ಒಂದು, ಎಂದುಕೊಂಡಳು. ಅವನು ನಮ್ಮ ಭಾಷೆಯವನು ಎಂದು ತಿಳಿದದ್ದರಿಂದಲೇ ಒಂದು ಎಂದುಕೊಂಡೆನಲ್ಲ ಎಂದು ಕೂಡಲೇ ಅನ್ನಿಸಿ, ಮಾರ್ಚ್ ತಿಂಗಳ ಬೆಳಗಿನ ಸೆಕೆಯಲ್ಲೂ ಕತ್ತಿನ ಹಿಂಭಾಗ ತಣ್ಣಗಾಯಿತು.

ನಿನ್ನೆ ಭಾನುವಾರ ಊಟವಾದ ಮೇಲೆ ಗಂಡ ರಾಮಪ್ರಸಾದ ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಫೋನನ್ನು ಅವಳ ಮುಖದ ಹತ್ತಿರ ಹಿಡಿದಿದ್ದ. ಅವನು ವಿಮೆಯ ಏಜೆಂಟ್. ಊರಿನ ಅರ್ಧ ಜನರ ಫೋನಿನ ಗುಂಪುಗಳಲ್ಲಿ ಇದ್ದವನು. "ಇದನ್ನು ಕೇಳು" ಎಂದ. ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ಮುದುಕಿಯ ಒಡಕು ಸ್ವರ, ಇಲ್ಲಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ. ಮಾತು ಶುರುವಾಗುವ ಮೊದಲು, ಆ ಕೆಮ್ಮಿನಲ್ಲೇ ಗೋದಾವರಿಗೆ ಗುರುತು ಸಿಕ್ಕಿತ್ತು. ಒಂಬತ್ತು ಸೆಕೆಂಡಿಗೆ ಸ್ವರ ಕತ್ತರಿಸಿದಂತೆ ನಿಂತಿತು. ಕೆಳಗೆ ಯಾರೋ ಕೆಂಪು ಅಕ್ಷರದಲ್ಲಿ, 'ಕೊಂದು ಹೂತು ಹಾಕುತ್ತೇನೆ ಎನ್ನುತ್ತಿದ್ದಾಳೆ. ಯಾರನ್ನು? ಯೋಚಿಸಿ' ಎಂದು ಬರೆದಿದ್ದರು. ಅದರ ಕೆಳಗೆ, ಹಿಂಸೆಯ ಬೆದರಿಕೆ ಇರುವುದರಿಂದ ಈ ವಿಡಿಯೊವನ್ನು ತೆಗೆದುಹಾಕಲಾಗಿದೆ ಎಂಬ ಸೂಚನೆಯ ಚಿತ್ರ.

"ನೋಡಿದೆಯಾ? ಕಂಪೆನಿಯವರೇ ತೆಗೆದದ್ದು" ಎಂದ ರಾಮಪ್ರಸಾದ. "ನಮ್ಮವರು ಹೇಳಿದ್ರೆ ಸುಳ್ಳು ಅಂತ ಹೇಳ್ಬಹುದು. ಇವ್ರು ಹೊರದೇಶದವರು, ಅವರಿಗೆಂತ ಇಲ್ಲಿಯ ಜಾತಿಯಾ, ಪಕ್ಷವಾ? ಸುಮ್ಮನೆ ತೆಗೀತಾರಾ?"

"ಇಲ್ಲ" ಎಂದಳು ಗೋದಾವರಿ.

"ಅದೇ ನಾನು ಹೇಳುದು."

ಅವಳು ಹೇಳಬೇಕೆಂದಿದ್ದ 'ಇಲ್ಲ' ಅದಲ್ಲ. ಆದರೆ ಹೇಳಿದ್ದು ಅವನ ಮಾತಿಗೆ ಸರಿಯಾಗಿ ಕೂತುಕೊಂಡಿತು. ಅವನು ಅದನ್ನು ಇನ್ನೊಂದು ಗುಂಪಿಗೆ ಕಳಿಸುವುದನ್ನು, ಹೆಬ್ಬೆರಳು ಹಗುರವಾಗಿ ಗಾಜಿನ ಮೇಲೆ ಇಳಿಯುವುದನ್ನು ನೋಡುತ್ತ ನಿಂತಳು. ಹೊರದೇಶದವರು. ಅವಳು ದಿನಾ ಕೂರುವ ಆಫೀಸು ಪುತ್ತೂರು ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಬಟ್ಟೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿತ್ತು. ಅಲ್ಲಿ ಮಾಡುವುದೇನೆಂದು ಯಾರಿಗೂ ಹೇಳುವುದಿಲ್ಲವೆಂದು ಕಾಗದಕ್ಕೆ ಸಹಿ ಹಾಕಿದ್ದಳು. ಗಂಡನಿಗೆ ಗೊತ್ತಿದ್ದದ್ದು 'ಕಂಪ್ಯೂಟರ್ ಕೆಲಸ' ಎಂದಷ್ಟೆ.

ಕಾಣಿಯೂರಿನ ಹತ್ತಿರ ಅವಳು ಕನ್ನಡ ಕಲಿಸುತ್ತಿದ್ದ ಶಾಲೆಗೆ ಮಕ್ಕಳು ಬರುವುದು ಕಡಿಮೆಯಾಗುತ್ತಾ ಆಗುತ್ತಾ ಕೊನೆಯ ವರ್ಷ ಹತ್ತನೆಯ ತರಗತಿಯಲ್ಲಿ ನಾಲ್ಕೇ ಜನ ಉಳಿದಿದ್ದರು. ಹಳದಿ ಬಸ್ಸುಗಳು ಮನೆ ಬಾಗಿಲಿನಿಂದಲೇ ಮಕ್ಕಳನ್ನು ಎತ್ತಿಕೊಂಡು ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಿದ್ದವು. ಶಾಲೆ ಮುಚ್ಚಿತು. ಆಮೇಲೆ ಈ ಕೆಲಸ. ಲೋಕದಲ್ಲೆಲ್ಲ ಜನ ಫೋನಿನಲ್ಲಿ ಮಾತಾಡಿ, ಹಾಡಿ, ಬೈದು ಹಾಕಿದ್ದನ್ನು ಮೊದಲು ಒಂದು ಯಂತ್ರ ಕೇಳುತ್ತದೆ. ಯಂತ್ರಕ್ಕೆ ತಿಳಿಯದ್ದು ತುಂಡು ತುಂಡಾಗಿ ಇಲ್ಲಿಗೆ ಬರುತ್ತದೆ. ಕಿವಿಗೆ ಹೆಡ್‌ಫೋನು, ಇಪ್ಪತ್ತು ಸೆಕೆಂಡಿನೊಳಗೆ ಒಂದು, ಎರಡು, ಮೂರು. ಮಾತಾಡಿದವರು ಯಾರು, ಯಾರಿಗೆ, ಯಾಕೆ ಎಂದು ಕೇಳುವಂತಿಲ್ಲ. ದಿನವಿಡೀ ಕಿವಿಯ ತುಂಬ ಕನ್ನಡ, ತುಳು. ಬಾಯಲ್ಲಿ ಮಾತ್ರ ಇಂಗ್ಲಿಷ್ ಇರಬೇಕು. ಮೊದಲ ವಾರ ಪಕ್ಕದವಳಲ್ಲಿ "ನೀರುಂಟಾ?" ಎಂದು ಕೇಳಿದ್ದಕ್ಕೆ, ಅವಳ ವಿದ್ಯಾರ್ಥಿಯಾಗಿರಬಹುದಾಗಿದ್ದ ವಯಸ್ಸಿನ ಟೀಮ್ ಲೀಡರ್ ಕಿಶನ್ ಎಲ್ಲರ ಎದುರಿಗೆ ನಗುತ್ತ, "ಮೇಡಂ, ಫ್ಲೋರಿನಲ್ಲಿ ಇಂಗ್ಲಿಷ್, ಪ್ಲೀಸ್" ಎಂದಿದ್ದ. ಆ ದಿನ ಅವಳು ಸಂಜೆಯವರೆಗೆ ನೀರು ಕುಡಿಯಲಿಲ್ಲ.

ಬ್ಯಾರಿ ಭಾಷೆಯದ್ದು ಲೈಲಾಳ ಕೆಲಸ. ಫೆಬ್ರವರಿಯಲ್ಲಿ ಅವಳು ಮದುವೆಗೆಂದು ಒಂದು ತಿಂಗಳು ರಜೆ ಹಾಕಿದಾಗ ಕಿಶನ್ ಗೋದಾವರಿಯ ಮೇಜಿಗೆ ಬಂದು ತಗ್ಗಿದ ಸ್ವರದಲ್ಲಿ, ಕನ್ನಡದಲ್ಲೇ ಕೇಳಿದ್ದ: "ನೀವು ಆ ಕಡೆ ಪಾಠ ಮಾಡಿದವರಲ್ಲ ಮೇಡಂ, ಬ್ಯಾರಿ ಬರ್ತದಲ್ಲ?" ಸ್ವಲ್ಪ ಅರ್ಥವಾಗುತ್ತದೆ ಎಂದಿದ್ದಳು. ಎಷ್ಟು ಸ್ವಲ್ಪ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಯಾರೋ ತನಗೊಂದು ತಿಳುವಳಿಕೆ ಇದೆಯೆಂದು ಬಹಳ ದಿನಗಳ ಮೇಲೆ ಒಪ್ಪಿಕೊಂಡದ್ದು ಅವಳಿಗೆ ಹಿತವಾಗಿತ್ತು. ಆ ತಿಂಗಳು ನಾನೂರು ತುಂಡುಗಳನ್ನು ಕೇಳಿದಳು. ಅದರಲ್ಲೊಂದು ಈ ಒಂಬತ್ತು ಸೆಕೆಂಡು. ಆ ದಿನ ಬೆಳಿಗ್ಗೆ ಸುಳ್ಯದ ಕಡೆಯ ಒಬ್ಬ ಅಜ್ಜಿಯದ್ದು ಬಂದಿತ್ತು. ಮೊಮ್ಮಗನಿಗೆ, "ನೀನು ಊರಿಗೆ ಬಾ, ಕಡಿದು ತೆಂಗಿನ ಬುಡಕ್ಕೆ ಹಾಕ್ತೇನೆ" ಎಂದು ಕನ್ನಡದಲ್ಲಿ ಬೈದದ್ದು. ಗೋದಾವರಿ ನಕ್ಕು ಒಂದನ್ನು ಒತ್ತಿದ್ದಳು. ಅದನ್ನು ಪಕ್ಕದವಳಿಗೂ ಕೇಳಿಸಿದ್ದಳು. ಮಧ್ಯಾಹ್ನ ಊಟವಾಗಿ ಬಂದು ಕೂತಾಗ ಕೆಮ್ಮು, ಒಡಕು ಸ್ವರ. ಬಾ ಎಂಬುದು ತಿಳಿಯಿತು, ಕೊಲ್ಲುವುದು ತಿಳಿಯಿತು, ಮಣ್ಣು ತಿಳಿಯಿತು. ಮೂರನ್ನು ಒತ್ತಿದಳು. ಇಪ್ಪತ್ತು ಸೆಕೆಂಡು ಇದ್ದರೂ ಅವಳಿಗೆ ಹಿಡಿದದ್ದು ಆರೇ. ಮಾತು ಮುಗಿಯಲು ಕೂಡ ಕಾದಿರಲಿಲ್ಲ. ಭಾಷೆ ಅರ್ಥವಾಯಿತೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದಳು.

ಶಾಲೆಯಲ್ಲೂ ಹೀಗೆಯೇ ಒಮ್ಮೆ. ಮಧ್ಯಾಹ್ನದ ಹೊತ್ತು ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಜಗಲಿಯಲ್ಲಿ ಐದಾರು ಹುಡುಗರು ಬ್ಯಾರಿಯಲ್ಲಿ ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ನಡುವೆ ಸುಹೈಬ್, ತರಗತಿಯಲ್ಲಿ ಅತಿ ಚೆಂದದ ಅಕ್ಷರ ಇದ್ದ ಹುಡುಗ, ಬೆನ್ನು ಬಾಗಿಸಿ ಮುದುಕಿಯಂತೆ ನಡೆಯುತ್ತಿದ್ದ. ತನ್ನನ್ನೇ ಅಣಕಿಸುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಹೊರಗೆ ಬಂದು, "ಎಂತ ನಗುದು? ಧೈರ್ಯ ಇದ್ರೆ ಕನ್ನಡದಲ್ಲಿ ಹೇಳಿ" ಎಂದಳು. "ಏನಿಲ್ಲ ಟೀಚರ್, ಅಜ್ಜಿಯ ಮಾತು" ಎಂದ ಸುಹೈಬ್. ನಂಬಲಿಲ್ಲ. ಉಳಿದ ಅವಧಿಯೆಲ್ಲ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದಳು. ಬಿಸಿಲು ಅವನ ಮೊಣಕಾಲಿನವರೆಗೆ ಏರಿ ಬರುವುದು ಒಳಗಿನಿಂದ ಕಾಣುತ್ತಿತ್ತು. ಒಳಗೆ ಕರೆಯಬೇಕೆಂದು ಎರಡು ಸಲ ಅನ್ನಿಸಿತು. ಕರೆದರೆ ತನ್ನ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಎರಡು ಸಲವೂ ಸುಮ್ಮನಾದಳು.

ಪುತ್ತೂರಿನಲ್ಲಿ ಬಸ್ಸಿಳಿದು ಮೆಟ್ಟಿಲು ಹತ್ತುವಾಗ ಲೈಲಾ ಇವತ್ತು ಕೆಲಸಕ್ಕೆ ಬಂದಿರುತ್ತಾಳೆ ಎಂಬುದು ನೆನಪಾಯಿತು. ಬಂದಿದ್ದಳು. ಕೈಯ ಮದರಂಗಿ ಇನ್ನೂ ಪೂರ್ತಿ ಮಾಸಿರಲಿಲ್ಲ, ಆದರೆ ಮದುಮಗಳ ಮುಖವಾಗಿರಲಿಲ್ಲ ಅದು. ಊಟದ ಹೊತ್ತಿಗೆ, ಕನ್ನಡ ಆಡಬಹುದಾಗಿದ್ದ ಒಂದೇ ಜಾಗವಾದ ಆ ಇಕ್ಕಟ್ಟು ಕೋಣೆಯಲ್ಲಿ, ಲೈಲಾ ತನ್ನ ಬುತ್ತಿಯನ್ನು ತೆರೆಯದೆ ಕೂತಿದ್ದಳು.

"ಟೀಚರ್, ನೀವು ಕೇಳಿದ್ರಾ, ಎಲ್ಲ ಕಡೆ ಓಡ್ತಾ ಉಂಟಲ್ಲ, ಒಂದು ಮುದುಕಿಯ ವಾಯ್ಸ್?"

"ಹ್ಞೂಂ."

"ಅದು ನಮ್ಮ ಜೈನಬಮ್ಮ. ಕಾಣಿಯೂರಿನವರು, ನಮಗೆ ನೆಂಟರು. ಮೊಮ್ಮಗ ಸುಹೈಬ್ ಗಲ್ಫಲ್ಲಿ ಸೂಪರ್ ಮಾರ್ಕೆಟಲ್ಲಿ ಇದ್ದಾನೆ. ನಿಮ್ಮ ಸ್ಟೂಡೆಂಟ್ ಅಂತೆ. ನಾಲ್ಕು ವರ್ಷದಿಂದ ಊರಿಗೆ ಬರಲಿಲ್ಲ ಅಂತ ಅವರು ಅವನಿಗೆ ಬೈದು ಕಳಿಸಿದ್ದು. ಅವನು ಅದಕ್ಕೊಂದು ಬೆಕ್ಕಿನ ಚಿತ್ರ ಹಾಕಿ ತಮಾಷೆಗೆ ಬಿಟ್ಟ. ಬ್ಯಾರಿಯವರು ಲೋಕದಲ್ಲಿ ಎಲ್ಲೆಲ್ಲಿ ಇದ್ದಾರೋ ಎಲ್ಲ ನೋಡಿ ನಕ್ಕರು. ಎಷ್ಟೋ ಜನ ಅತ್ತರು ಕೂಡ. ಪೂರ್ತಿ ಎಂತ ಉಂಟು ಗೊತ್ತುಂಟಾ ಅದರಲ್ಲಿ? 'ನೀನು ಬಾ, ನಿನ್ನನ್ನು ಕೊಂದು ನಾನೇ ಮಣ್ಣು ಮಾಡ್ತೇನೆ, ಅದಾಗುವವರೆಗೆ ನಾನು ಸಾಯುದಿಲ್ಲ' ಅಂತ. ಸಾಯುದಿಲ್ಲ ಅಂತ ಹೇಳುದು ಹತ್ತನೇ ಸೆಕೆಂಡಿಗೆ. ಯಂತ್ರ ಕತ್ತರಿಸಿ ನಮಗೆ ಕೊಡುದು ಒಂಬತ್ತು. ಊರಿನ ಯಾರೋ ಅಷ್ಟನ್ನೇ ತೆಗೆದು ಹಂಚಿದ್ದಾರೆ."

ಗೋದಾವರಿ ಬುತ್ತಿಯ ಮುಚ್ಚಳವನ್ನು ತೆಗೆದು, ಮುಚ್ಚಿ, ಮತ್ತೆ ತೆಗೆದಳು. "ಈಗ ಹುಡುಗ ಹೇಗಿದ್ದಾನೆ?"

"ಅವನ ಕಂಪೆನಿಯವರು ಕರೆಸಿ ಫೋನ್ ತೆಕ್ಕೊಂಡ್ರಂತೆ. ಬೆದರಿಕೆ ಹಾಕುವವರು ನಮಗೆ ಬೇಡ ಅಂತ. ಆಮೇಲೆ ಎಲ್ಲಿದ್ದಾನೆ ಗೊತ್ತಿಲ್ಲ. ಹನ್ನೊಂದು ದಿನ ಆಯ್ತು. ಇಲ್ಲಿ ಮೊನ್ನೆ ಬೈಕಲ್ಲಿ ಇಬ್ಬರು ಬಂದು ಮನೆಯ ಫೋಟೊ ತೆಗೆದು ಹೋದ್ರು. ಮಾತಾಡ್ಲಿಲ್ಲ, ತೆಗೆದು ಹೋದ್ರು ಅಷ್ಟೆ." ಲೈಲಾ ತೆರೆಯದ ಬುತ್ತಿಯನ್ನು ಪಕ್ಕಕ್ಕೆ ಸರಿಸಿದಳು. "ಮನೆಯವರು ಹಾಕಿದ ಅಪೀಲು ಇವತ್ತು ಬೆಳಿಗ್ಗೆ ನನಗೇ ಬಂತು ಟೀಚರ್. ಒಂದನ್ನು ಒತ್ತಿದೆ. ಪರದೆಯಲ್ಲಿ ಬಂತು: ಮೊದಲು ಕೇಳಿದವರು ಮೂರು, ಯಂತ್ರ ಮೂರು, ನಾನು ಒಂದು. ಇಬ್ಬರು ಒಂದು ಕಡೆ, ನಾನೊಬ್ಬಳು ಒಂದು ಕಡೆ. ಅಪೀಲು ಬಿದ್ದುಹೋಯ್ತು. ಮೊದಲು ಈ ಯಂತ್ರಕ್ಕೆ ಬ್ಯಾರಿ ಬರ್ತಿರಲಿಲ್ಲ. ನಾನು ಇಲ್ಲದ ತಿಂಗಳು ಅದಕ್ಕೆ ಕಲಿಸಿದ್ದು ಯಾರು?"

ಈಗ ಹೇಳಬಹುದಿತ್ತು. ಲೈಲಾ ಅವಳನ್ನು ಸಂಶಯದಿಂದ ನೋಡುತ್ತಿರಲಿಲ್ಲ. ಈ ಆಫೀಸಿನಲ್ಲಿ ಅವಳನ್ನು ಇನ್ನೂ ಟೀಚರ್ ಎನ್ನುತ್ತಿದ್ದವಳು ಇವಳೊಬ್ಬಳೇ. "ಕಿಶನಿಗೆ ಗೊತ್ತಿರಬಹುದು" ಎಂದಳು ಗೋದಾವರಿ. ಹೇಳುವಾಗ ತನ್ನ ಸ್ವರ ಎಷ್ಟು ಸಹಜವಾಗಿ, ಎಷ್ಟು ಸ್ಪಷ್ಟವಾಗಿ ಹೊರಬಂತೆಂದು ಕೇಳಿ ಬೆಚ್ಚಿದಳು. ಈ ಸ್ವರವನ್ನು ಯಾರಾದರೂ ತುಂಡು ಮಾಡಿ ಕೇಳಿದರೆ ನಿಶ್ಚಯವಾಗಿ ಒಂದನ್ನೇ ಒತ್ತುತ್ತಾರೆ.

ಊಟ ಮಾಡದೆ ಎದ್ದು ಕಿಶನನ ಗಾಜಿನ ಕೋಣೆಗೆ ಹೋದಳು. ಫೆಬ್ರವರಿಯ ಒಂದು ಉತ್ತರ ಬದಲಿಸಬೇಕು ಎಂದು ಇಂಗ್ಲಿಷಿನಲ್ಲಿ ಶುರುಮಾಡಿದವಳಿಗೆ ಮುಂದಿನ ಪದ ಸಿಗಲಿಲ್ಲ. ಕಿಶನ್ ಎದ್ದು ಬಾಗಿಲು ಮುಚ್ಚಿದ. "ಕನ್ನಡದಲ್ಲೇ ಹೇಳಿ ಮೇಡಂ" ಎಂದ. ಆ ಸೌಜನ್ಯವೇ ಅವಳನ್ನು ಹೆದರಿಸಿತು.

"ಅದು ಹೋಗಿ ಆಯ್ತು ಮೇಡಂ. ಒಂದೊಂದೇ ಉತ್ತರ ಈಗ ಅಲ್ಲಿ ಇಲ್ಲ. ನಿಮ್ಮ ನಾನೂರನ್ನೂ ಇಟ್ಟು ಯಂತ್ರಕ್ಕೆ ಕಲಿಸಿಯಾಗಿದೆ. ಮೊಸರು ಕಡೆದ ಮೇಲೆ ಹಾಲು ಕೇಳಿದ ಹಾಗೆ ನೀವು ಕೇಳುದು. ನಿಮ್ಮದು ಒಳ್ಳೆ ಕೆಲಸ ಅಂತ ಮೇಲಿಂದ ಬಂದಿದೆ, ಯಾಕೆ ಹಾಳು ಮಾಡ್ಕೊಳ್ತೀರಿ?" ಅವನು ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಸಾಲು ಸಾಲಾಗಿ ತುಂಡುಗಳು ಮೇಲಿನಿಂದ ಕೆಳಗೆ ಇಳಿಯುತ್ತಿದ್ದವು, ಯಾರೂ ಮುಟ್ಟದೆಯೇ ಪ್ರತಿಯೊಂದರ ಎದುರಿಗೆ ಗುರುತು ಬೀಳುತ್ತಿತ್ತು, ಹೆಚ್ಚಿನವು ಕೆಂಪು, ಅಂದರೆ ಮೂರು. "ನೋಡಿ, ಈಗ ಅದೇ ತಾನಾಗಿ ಮಾಡ್ತದೆ. ಬ್ಯಾರಿಗೆ ಇನ್ನು ಜನ ಬೇಡ ಅಂತ ಮೇಲ್ ಬಂದಿದೆ. ಲೈಲಾಗೆ ನಾನಿನ್ನೂ ಹೇಳಲಿಲ್ಲ. ನೀವೂ ಹೇಳ್ಬೇಡಿ. ಮುಂದೆ ತುಳು, ಆಮೇಲೆ ಕನ್ನಡ."

ಮೇಜಿನ ಮೇಲಿದ್ದ ಹೆಡ್‌ಫೋನನ್ನು ಕೇಳದೆಯೇ ಎತ್ತಿ ಕಿವಿಗಿಟ್ಟುಕೊಂಡಳು. ಒಬ್ಬ ಹೆಂಗಸು ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದಳು. ಹಿಂದಿನಿಂದ ತಟ್ಟೆಗಳ ಸದ್ದು. ಬರದಿದ್ದರೆ ಹೊಡೆಯುತ್ತೇನೆ ಎಂದೋ ಏನೋ. ಕೆಂಪು. ಒಬ್ಬ ಮುದುಕ ಯಾರದೋ ಕಾಲೆಳೆಯುತ್ತಿದ್ದ, ಸುತ್ತ ನಗು. ಕೆಂಪು. ಒಬ್ಬಳು ತಾಯಿ ಮಗು ಮಲಗಲೆಂದು ಸಣ್ಣದಾಗಿ ಗದರುತ್ತಿದ್ದಳು. ಯಂತ್ರ ಒಂದು ಕ್ಷಣ ತಡೆದಂತೆ ಕಂಡಿತು. ಆಮೇಲೆ ಅದೂ ಕೆಂಪು. ಅದು ತಪ್ಪು ಮಾಡುತ್ತಿದೆ ಎಂದು ಅನ್ನಿಸಲಿಲ್ಲ ಗೋದಾವರಿಗೆ. ಫೆಬ್ರವರಿಯಲ್ಲಿ ತನಗೆ ಹೇಗೆ ಅನ್ನಿಸಿತ್ತೋ ಹಾಗೆಯೇ ಅದು ಒತ್ತುತ್ತಿತ್ತು. ಕತ್ತಿನ ಹಿಂದೆ ತಣ್ಣಗಾದ ಆ ಜಾಗ ಈಗ ಅಲ್ಲಿ, ಆ ಪೆಟ್ಟಿಗೆಯೊಳಗೆ, ದಣಿವಿಲ್ಲದೆ ಕೆಲಸ ಮಾಡುತ್ತಿತ್ತು. ಅದಕ್ಕೆ ಊಟವಿಲ್ಲ, ರಜೆಯಿಲ್ಲ, ನಾಚಿಕೆಯೂ ಇಲ್ಲ.

ಸಂಜೆ ಬಸ್ಸು ನರಿಮೊಗರಿನಲ್ಲಿ ನಿಂತಾಗ ಅವಳು ಇಳಿಯಲಿಲ್ಲ. "ಇಳಿಯುದಿಲ್ವಾ ಟೀಚರ್?" ಎಂದ ಕಂಡಕ್ಟರಿಗೆ ಕಾಣಿಯೂರು ಎಂದಳು. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಸಿದ್ಧಮಾಡಿಕೊಂಡಳು: ನನಗೆ ನಿಮ್ಮ ಭಾಷೆ ಸರಿಯಾಗಿ ಬರುವುದಿಲ್ಲ, ಗೊತ್ತಿಲ್ಲದೆ ಆದ ತಪ್ಪು, ಕ್ಷಮಿಸಿ. ವ್ಯಾಕರಣದಲ್ಲಿ ದೋಷವಿರಲಿಲ್ಲ. ಎಷ್ಟು ಸಲ ಹೇಳಿಕೊಂಡರೂ ಅದರಲ್ಲಿ ಎಲ್ಲಿಯೋ ಒಂದು ಪದ ಬಿಟ್ಟುಹೋದಂತೆ ಅನ್ನಿಸುತ್ತಿತ್ತು. ಕಾಣಿಯೂರಿನಲ್ಲಿ ಇಳಿದು ಅಂಗಡಿಯಲ್ಲಿ ಜೈನಬಮ್ಮನ ಮನೆ ಕೇಳಿದಾಗ, ಕೂತಿದ್ದ ಮೂವರೂ ಮಾತು ನಿಲ್ಲಿಸಿ ಅವಳ ಹಣೆಯನ್ನು, ಕೈಚೀಲವನ್ನು ನೋಡಿದರು. "ನೀವು ಯಾರು? ಪತ್ರಿಕೆಯವರಾ?" ಎಂದ ಒಬ್ಬ. ಟೀಚರ್ ಎಂದಳು. ಅವನು ದಾರಿ ತೋರಿಸಿದ, ಆದರೆ ಎದ್ದು ರಸ್ತೆಯ ಅಂಚಿನವರೆಗೆ ಬಂದು ಅವಳು ಹೋಗುವುದನ್ನು ನೋಡುತ್ತಾ ನಿಂತ.

ಗೇಟಿಗೆ ಒಳಗಿನಿಂದ ಸರಪಳಿ ಸುತ್ತಿತ್ತು. ಸುಹೈಬನ ತಂಗಿ ಸುಹಾನಾ ಬಂದು ತೆಗೆದಳು. ಕಾಲೇಜಿಗೆ ಹೋಗುವ ಹುಡುಗಿ, ಅಣ್ಣನದೇ ಹುಬ್ಬು. ಟೀಚರ್ ಎಂದದ್ದೇ ತಡ ಒಳಗೆ ಕರೆದಳು. ಹೊರಗೆ ಇನ್ನೂ ಬಿಸಿಲಿದ್ದರೂ ಕಿಟಕಿಗಳೆಲ್ಲ ಮುಚ್ಚಿದ್ದವು. ನಡುಕೋಣೆಯ ಕುರ್ಚಿಯಲ್ಲಿ ಕೂತಿದ್ದ ಜೈನಬಮ್ಮ ಗೋದಾವರಿ ಎಣಿಸಿದ್ದಕ್ಕಿಂತ ಬಹಳ ಸಣ್ಣವಳು, ನೆಲಕ್ಕೆ ಕಾಲು ಮುಟ್ಟುತ್ತಿರಲಿಲ್ಲ. ಆ ಸ್ವರ ಇಷ್ಟು ಚಿಕ್ಕ ಮೈಯಿಂದ ಬಂದದ್ದೇ?

"ಸುಹೈಬನ ಟೀಚರಾ? ಬನ್ನಿ ಬನ್ನಿ, ಕೂತ್ಕೊಳ್ಳಿ ಮಾರಾಯ್ರೆ!" ಮುದುಕಿ ಅರ್ಧ ಕನ್ನಡ, ಅರ್ಧ ತುಳುವಿನಲ್ಲಿ ಎದ್ದುಬಿದ್ದು ಮಾತಾಡತೊಡಗಿದಳು. ಸಣ್ಣ ಕೆಮ್ಮು, ಮತ್ತೆ ಮಾತು. ನಡುವೆ ಒಳಕ್ಕೆ ತಿರುಗಿ ಬ್ಯಾರಿಯಲ್ಲಿ ಸುಹಾನಾಳನ್ನು ಗದರಿದಳು. ಟೀಚರಿಗೆ ಶರಬತ್ತು ತರಲು ಎಷ್ಟು ಹೊತ್ತು, ನಾನು ಒಳಗೆ ಬಂದರೆ ಕಿವಿ ಕಿತ್ತು ಕೈಗೆ ಕೊಡುತ್ತೇನೆ ಎಂದಿರಬೇಕು. ಒಳಗಿನಿಂದ ಹುಡುಗಿ ಅಷ್ಟೇ ಜೋರಾಗಿ ಏನೋ ತಿರುಗಿ ಹೇಳಿದಳು, ಮುದುಕಿಯ ಬೊಚ್ಚು ಬಾಯಿ ನಗೆಯಲ್ಲಿ ಅಗಲವಾಯಿತು. ಮೊಮ್ಮಗನಿಲ್ಲದ, ಅವನ ಸುದ್ದಿಯಿಲ್ಲದ ಆ ಮುಚ್ಚಿದ ಮನೆಯಲ್ಲಿ ಬೆಚ್ಚಗೆ ಉಳಿದಿದ್ದದ್ದು ಈ ಬೈಗಳೊಂದೇ ಎಂದು ಗೋದಾವರಿಗೆ ಕಂಡಿತು.

"ನೋಡಿ ಟೀಚರ್, ದೇವರೇ ಕಳಿಸಿದ ಹಾಗೆ ಬಂದ್ರಿ ನೀವು" ಎಂದಳು ಜೈನಬಮ್ಮ. "ನಾನು ಹೇಳಿದ ಮಾತು ಎಂತ, ಅದರ ಅರ್ಥ ಎಂತ ಅಂತ ಒಂದು ಕಾಗದ ಬರೆದು ಕೊಡಿ. ನೀವು ಬರೆದ್ರೆ ಒಪ್ತಾರೆ. ಆ ಹುಡುಗನಿಗೆ ಹೆತ್ತ ಉಮ್ಮ ಇಲ್ಲ, ಎರಡು ವರ್ಷದವನಿಂದ ನಾನೇ ಸಾಕಿದ್ದು. ನಾನು ಅವನನ್ನು ಕೊಲ್ತೇನಾ?"

ಸುಹಾನಾ ಶರಬತ್ತಿನ ಲೋಟ ಇಟ್ಟು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಗೋದಾವರಿ ಲೋಟವನ್ನು ಮುಟ್ಟಲಿಲ್ಲ.

"ಅದು ಬೆದರಿಕೆ ಅಂತ ಹೇಳಿದ್ದು ನಾನು" ಎಂದಳು.

ಜೈನಬಮ್ಮನಿಗೆ ಅರ್ಥವಾಗಲಿಲ್ಲ. ಗೋದಾವರಿ ಮತ್ತೆ ಮೊದಲಿಂದ ಹೇಳಿದಳು, ಆಫೀಸು, ಹೆಡ್‌ಫೋನು, ಒಂಬತ್ತು ಸೆಕೆಂಡು, ಮೂರು. ಮಾತು ಮುಗಿಯುವ ಮೊದಲೇ ಒತ್ತಿದ್ದನ್ನೂ ಹೇಳಿದಳು. ಹೊರದೇಶದವರಲ್ಲ, ನಾನು. ಮುದುಕಿ ಕತ್ತು ಸ್ವಲ್ಪ ಓರೆ ಮಾಡಿ, ಕಿವಿಯನ್ನು ಅವಳ ಕಡೆಗೆ ಹಿಡಿದು ಪೂರ್ತಿ ಕೇಳಿದಳು. ನಡುವೆ ಒಮ್ಮೆಯೂ ತಡೆಯಲಿಲ್ಲ. ಆಮೇಲೆ ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸತೊಡಗಿದಳು. ಬೈಯುತ್ತಾಳೆ, ಬೈದರೆ ಸಾಕಿತ್ತು, ಎಂದು ಗೋದಾವರಿ ಕಾದಳು.

"ನನ್ನ ಸ್ವರ ಕೇಳುವಾಗ ನಿಮಗೆ ಹೆದರಿಕೆ ಆಯ್ತಾ?" ಎಂದು ಕೇಳಿದಳು ಜೈನಬಮ್ಮ.

ಭಾಷೆ ಬರುವುದಿಲ್ಲ ಎಂಬ ವಾಕ್ಯ ಗೋದಾವರಿಯ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಇಬ್ಬರಿಗೂ ಬಿಡುಗಡೆ ಸಿಗುತ್ತಿತ್ತೇನೋ. ಆದರೆ ಭಾಷೆ ಬಂದಿತ್ತು. ಬಾ, ಕೊಲ್ಲು, ಮಣ್ಣು, ಮೂರೂ ಬಂದಿದ್ದವು. ಸುಳ್ಯದ ಅಜ್ಜಿಯ ಮಾತಿನಲ್ಲೂ ಅಂಥವೇ ಮೂರು ಇದ್ದವು.

"ಹೌದು" ಎಂದಳು.

ಮುದುಕಿ ತಲೆಯಾಡಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬೇರೆಯವರ ಮನೆಯಲ್ಲಿ ತಿಳಿಯದೆ ಏನನ್ನೋ ಮುಟ್ಟಿಬಿಟ್ಟವಳಂತೆ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದು, ತಲೆಯ ಸೆರಗನ್ನು ಮುಂದಕ್ಕೆಳೆದುಕೊಂಡಳು. ಕೆಮ್ಮು ಬಂತು, ಬಾಯಿಗೆ ಬಟ್ಟೆ ಒತ್ತಿ ಅದನ್ನು ತಡೆದಳು. "ನೀವು ಶರಬತ್ತು ಕುಡಿಯಿರಿ" ಎಂದಳು, ಪ್ರತಿ ಅಕ್ಷರವನ್ನೂ ಬೇರೆ ಬೇರೆಯಾಗಿ ಎತ್ತಿ ಇಟ್ಟಂತೆ. "ನಿಮ್ಮ ಬಸ್ಸು ಎಷ್ಟು ಗಂಟೆಗೆ ಇದೆ?"

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚೊಯ್ಯೆಂದು ಸುರಿಯಿತು, ಸೀದ ವಾಸನೆ ನಡುಕೋಣೆಯವರೆಗೆ ಬಂತು. ಜೈನಬಮ್ಮ ಗಬಕ್ಕನೆ ಅತ್ತ ತಿರುಗಿದಳು, ಎದೆಯುಬ್ಬಿತು, ಬಾಯಿ ತೆರೆಯಿತು. ಗೋದಾವರಿಯ ಕಡೆ ಒಮ್ಮೆ ನೋಡಿದಳು. ಬಾಯಿ ಮುಚ್ಚಿದಳು.

"ಸುಹಾನಾ," ಎಂದಳು, ತಗ್ಗಿದ ಸ್ವರದಲ್ಲಿ, ಕನ್ನಡದಲ್ಲಿ, "ಒಲೆಯನ್ನು ಆರಿಸಮ್ಮ."

ಸುಹಾನಾ ಕೈಯಲ್ಲಿ ಬಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹಾಲು ಇನ್ನೂ ಸುರಿಯುತ್ತಿತ್ತು. ಅವಳು ಅತ್ತ ಹೋಗದೆ, ಕುರ್ಚಿಯಲ್ಲಿ ಕೂತಿದ್ದ ಮುದುಕಿಯನ್ನು, ಯಾರೆಂದು ಗುರುತು ಹತ್ತದವಳಂತೆ, ನೋಡುತ್ತಾ ನಿಂತಳು.